ಕಾಯಿಲೆಯಿಂದ ಎದ್ದ ಜೂನಿಪರ್ ಚುಚ್ಚುವುದೇಕೆ?

ಆಗ ಭೂಮಿ ಇನ್ನೂ ಹೊಸದು. ಬೆಟ್ಟಗಳ ಮೈಯ ಹಸಿ ಇನ್ನೂ ಆರಿರಲಿಲ್ಲ. ಗಾಳಿ ಯಾವ ದಾರಿಯಲ್ಲಿ ಬೀಸಬೇಕೆಂದು ತಿಳಿಯದೆ ಸಿಕ್ಕವರನ್ನೆಲ್ಲ ಕೇಳಿಕೊಂಡು ಓಡಾಡುತ್ತಿತ್ತು.

ಆ ಕಾಲದಲ್ಲಿ ಇಡೀ ಲೋಕಕ್ಕೆ ಇದ್ದದ್ದು ಒಂದೇ ಒಂದು ಜೂನಿಪರ್ ಮರ. ಹಿಮ ಬೀಳುವ ಎತ್ತರದ ಬೆಟ್ಟದ ಮೇಲೆ, ಬಂಡೆಯ ಬಿರುಕಿನಲ್ಲಿ ಅದು ಹುಟ್ಟಿತ್ತು. ಬಿರುಕಿನಲ್ಲಿ ಹಿಡಿ ಮಣ್ಣೂ ಇರಲಿಲ್ಲ, ಹಾಗಾಗಿ ಮರ ಮೊಣಕಾಲೆತ್ತರ ಮೀರಲಿಲ್ಲ. ವಯಸ್ಸಾದ ಮರವೇ, ಆದರೆ ಕಂಕುಳಲ್ಲಿ ಎತ್ತಿಕೊಂಡು ಹೋಗಬಹುದಾದಂಥ ಮರ.

ಒಂದು ದಿನ ಬೆಟ್ಟಕ್ಕೆ ಜೋರಾಗಿ ಸೀನು ಬಂತು. ಬಂಡೆ ಜಾರಿತು. ಮರ ಬೇರು ಮೇಲಾಗಿ ಉರುಳಿ, ತಪ್ಪಲಿನಲ್ಲಿದ್ದ ತಿಪ್ಪಕ್ಕನ ಮನೆಯ ಮುಂದೆ ಬಂದು ಬಿತ್ತು.

ತಿಪ್ಪಕ್ಕ ಸೂಲಗಿತ್ತಿ. ಹೆರಿಗೆ ಮಾಡಿಸುವುದರಲ್ಲಿ ಅವಳನ್ನು ಮೀರಿಸುವವರೇ ಇರಲಿಲ್ಲ. ಈ ಮಾತನ್ನು ಎಲ್ಲರಿಗಿಂತ ಮೊದಲು ಹೇಳುತ್ತಿದ್ದವಳೂ ಅವಳೇ.

"ತಿಪ್ಪಕ್ಕಾ," ಬೆಟ್ಟ ಮೇಲಿನಿಂದ ಕೂಗಿತು, "ಅದು ಇನ್ನೂ ಒಂದು ಕಾಯೂ ಬಿಟ್ಟಿಲ್ಲ ಕಣವ್ವಾ. ಅದು ಹೋದ್ರೆ ಅದರ ವಂಶಾನೇ ಹೋದಂಗೆ. ಹೆಂಗಾದ್ರೂ ಉಳಿಸಿಕೊಡು."

"ಅಳಬ್ಯಾಡ ಸುಮ್ಕಿರು ಬೆಟ್ಟಪ್ಪಾ. ನನ್ನ ಕೈಗೆ ಬಂದ ಜೀವ ಇವತ್ತಿನ ತನಕ ಒಂದೂ ಹೋಗಿಲ್ಲ," ಎಂದಳು ತಿಪ್ಪಕ್ಕ.

ಅಗಲವಾದ ಮಣ್ಣಿನ ತಟ್ಟೆಯಲ್ಲಿ ಜೇಡಿಮಣ್ಣು ತುಂಬಿ ಮರವನ್ನು ನೆಟ್ಟಳು. ಆಮೇಲೆ ತನಗೆ ಗೊತ್ತಿದ್ದ ಆರೈಕೆ ಮಾಡಿದಳು. ಗೊತ್ತಿದ್ದದ್ದು ಬಾಣಂತನ. ಮರವನ್ನು ಕತ್ತಲ ಕೋಣೆಯಲ್ಲಿಟ್ಟಳು. ಕಿಟಕಿ ಮುಚ್ಚಿದಳು. ಕೆಂಡದ ಬಿಸಿ ಕೊಟ್ಟಳು. ದಿನವೂ ಬೆಚ್ಚನೆ ನೀರು ಎರೆದಳು. ತಲೆಗೆ ಬಟ್ಟೆ ಕಟ್ಟಿದಳು. ಕಿವಿಗೆ ಹತ್ತಿ ಇಡೋಣವೆಂದರೆ ಎಷ್ಟು ಹುಡುಕಿದರೂ ಕಿವಿ ಸಿಗಲಿಲ್ಲ.

ಗಾಳಿ ಬಂದು ಬಾಗಿಲು ಬಡಿಯಿತು. "ತಿಪ್ಪಕ್ಕಾ, ಅದು ನಾನು ಆಡಿಸಿ ಬೆಳೆಸಿದ ಮರ. ಒಳಗೆ ಬಿಡು."

"ಬಾಣಂತಿ ಕೋಣೆಗೆ ಗಾಳಿನಾ? ಹೋಗತ್ಲಾಗೆ!"

ಬಿಸಿಲು ಬಂದು ಬಾಗಿಲ ಸಂದಿಯಲ್ಲಿ ಇಣುಕಿತು. "ತಿಪ್ಪಕ್ಕಾ, ನನ್ನನ್ನಾದರೂ ಬಿಡು."

"ನೀನೂ ಹೋಗತ್ಲಾಗೆ!"

ಜೂನಿಪರ್‌ನದು ಒಂದು ಕೆಟ್ಟ ಸಂಕೋಚ. ಒಳಗೆ ಜೀವ ಹೋಗುತ್ತಿದ್ದರೂ ಅದು ಬಹಳ ದಿನ ಹೊರಗೆ ಹಸಿರಾಗಿಯೇ ಇರುತ್ತದೆ. ತಿಪ್ಪಕ್ಕ ಆ ಹಸಿರು ನೋಡಿ ಹಿಗ್ಗಿದಳು, ಇನ್ನೊಂದು ಚೆಂಬು ನೀರು ಎರೆದಳು. ಒಂದು ಬೆಳಿಗ್ಗೆ ಬಟ್ಟೆ ಬಿಚ್ಚಿದರೆ ಎಲೆಯೆಲ್ಲ ಕಂದು. ಮುಟ್ಟಿದರೆ ಉದುರಿದವು.

ತಿಪ್ಪಕ್ಕ ಬಾಗಿಲು ತೆರೆದು ಹೊಸ್ತಿಲ ಮೇಲೆ ಕುಸಿದು ಕೂತಳು.

ಗಾಳಿ ಹತ್ತಿರ ಬಂದು ಮೆಲ್ಲಗೆ ಕೇಳಿತು, "ತಿಪ್ಪಕ್ಕಾ, ಹುಟ್ಟಿದ ಕೂಸಿಗೆ ಎಲ್ಲಕ್ಕಿಂತ ಮೊದಲು ಏನು ಬೇಕು?"

"ಉಸಿರು."

"ಮತ್ತೆ ಇದಕ್ಕೆ?"

ತಿಪ್ಪಕ್ಕ ದಡಕ್ಕನೆ ಎದ್ದಳು. ಉಗುರಿನಿಂದ ಕಾಂಡದ ತೊಗಟೆ ಕೆರೆದಳು. ಒಂದು ಕಡೆ ಒಣಗಿತ್ತು. ಇನ್ನೊಂದು ಕಡೆ ಕೆರೆದಳು, ಅಲ್ಲಿ ಎಳೆಯಷ್ಟು ಹಸಿರು! "ಜೀವ ಐತೆ!" ಎಂದು ಕಿರುಚಿದಳು.

ತಟ್ಟೆಯನ್ನು ಅಂಗಳಕ್ಕೆ ತಂದು ಮರವನ್ನು ಬಿಡಿಸಿದಳು. ಜೇಡಿ ಕೆಸರಾಗಿ ನಾರುತ್ತಿತ್ತು. ಕೊಳೆತ ಬೇರುಗಳನ್ನು ಮಾತ್ರ ಕತ್ತರಿಸಿದಳು, ಹೊಕ್ಕುಳಬಳ್ಳಿ ಕೊಯ್ದು ಪಳಗಿದ ಕೈ ಅದು. ನೀರು ಇಳಿದುಹೋಗಲೆಂದು ತಟ್ಟೆಗೆ ತೂತು ಕೊರೆದು, ಬೆಟ್ಟದ ಗರಸುಕಲ್ಲು ಹಾಕಿ, ಮರವನ್ನು ಮತ್ತೆ ಕೂರಿಸಿ, ಅಲುಗದಂತೆ ನಾರಿನಿಂದ ಕಟ್ಟಿದಳು.

ಆಮೇಲಿನ ಕೆಲಸವೇ ಕಷ್ಟದ್ದು. ಸುಮ್ಮನಿರುವ ಕೆಲಸ. ನೀರೆರೆಯಲು ಅವಳ ಕೈ ತುರಿಸುತ್ತಿತ್ತು. ಆದರೂ ಬೆರಳಿಟ್ಟು ನೋಡಿ, ಗರಸು ಒಣಗಿದ್ದರಷ್ಟೇ ಹಾಕಿದಳು. ಬಿಸಿಲು ದಿನವೂ ಬಂತು. ಗಾಳಿ ದಿನವೂ ಬಂತು. ಹಿಮವೂ ಬಂತು. ಹಿಮ ಬಿದ್ದ ದಿನ ತಿಪ್ಪಕ್ಕ ಮರವನ್ನು ಒಳಗೆ ಒಯ್ಯಲು ಓಡಿದಳು.

"ಬಿಡು ತಿಪ್ಪಕ್ಕಾ. ಚಳಿ ಅದಕ್ಕೆ ಹೊಸದಲ್ಲ," ಎಂದಿತು ಗಾಳಿ.

ಬಿಟ್ಟಳು. ಆದರೆ ತಾನೂ ಒಳಗೆ ಹೋಗಲಿಲ್ಲ. ಕಂಬಳಿ ಹೊದ್ದು ಮರದ ಪಕ್ಕದಲ್ಲೇ ನಿಂತಳು. ಅವಳಿಗೆ ಆ ಮರದ ಮೇಲೆ ಅಷ್ಟು ಪ್ರೀತಿ ಬಂದುಬಿಟ್ಟಿತ್ತು.

ಹಿಮ ಕರಗಿತು. ಒಂದು ಬೆಳಿಗ್ಗೆ ಮರದ ಮೈ ಸವರಿದವಳು "ಅಯ್ಯಯ್ಯೋ!" ಎಂದು ಕೈ ಕೊಡವಿದಳು. ಬೆರಳ ತುದಿಯಲ್ಲಿ ರಕ್ತ. ಹಳೆಯ ನುಣುಪು ಎಲೆಗಳಿದ್ದ ಜಾಗದಲ್ಲಿ ಹೊಸ ಚಿಗುರು, ಸೂಜಿಯಂತೆ ಚೂಪು!

"ಉಳಿಸಿದವಳಿಗೇ ಚುಚ್ತೀಯಾ?"

ಮರ ಮೊದಲ ಸಲ ಬಾಯಿಬಿಟ್ಟಿತು. "ಮತ್ತೆ ಕೋಣೆಗೆ ಎತ್ಕೊಂಡು ಹೋದೀಯಾ ಅಂತ ಭಯ ಕಣವ್ವಾ. ಗಟ್ಟಿಯಾದ ಮೇಲೆ ನುಣ್ಣಗಾಗ್ತೀನಿ."

ತಿಪ್ಪಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತಲೇ ಅತ್ತಳು. ಆಮೇಲೆ ಬೆರಳನ್ನು ಎತ್ತಿ ಹಿಡಿದು, "ಬೆಟ್ಟಪ್ಪಾ! ಕೂಸು ಗೆದ್ದೈತೆ!" ಎಂದು ಕೂಗಿದಳು. ಬೆಟ್ಟ ಆ ಕೂಗನ್ನು ಎಲ್ಲ ಕಣಿವೆಗಳಿಗೂ ಮುಟ್ಟಿಸಿತು. ಮರ ಗಟ್ಟಿಯಾಯಿತು, ಮಾತಿನಂತೆ ನುಣ್ಣಗಾಯಿತು, ಗೊಂಚಲು ಗೊಂಚಲಾಗಿ ನೀಲಿ ಕಾಯಿ ಬಿಟ್ಟಿತು. ಹಕ್ಕಿಗಳು ಬೀಜವನ್ನು ದೇಶದೇಶಕ್ಕೆ ಹೊತ್ತೊಯ್ದವು.

ಅದಕ್ಕೇ ಮಗು, ಇವತ್ತಿಗೂ ತಟ್ಟೆಯಲ್ಲಿ ಬೆಳೆಸುವ ಬೋನ್ಸಾಯ್ ಎಂಬ ಕುಳ್ಳ ಜೂನಿಪರ್ ಸೊರಗಿ ಮತ್ತೆ ಚೇತರಿಸಿಕೊಂಡರೆ ಮೊದಲು ಮುಳ್ಳಿನಂಥ ಚಿಗುರನ್ನೇ ಬಿಡುತ್ತದೆ. ಅದು ನಿನ್ನ ಬೆರಳಿಗೆ ಚುಚ್ಚಿದರೆ ಅಳಬೇಡ, ಮರ ಬದುಕಿತು ಎಂದು ಮನೆಯವರಿಗೆಲ್ಲ ಕೇಳುವ ಹಾಗೆ ಕೂಗು.