ಚಿಯೂನ ಎಡಹುಬ್ಬು

ಎಡಹುಬ್ಬು ಬರೆಯುವಾಗ ವೆನ್ ಲೂ ಒಂದು ಕಡೆ ಕುಂಚ ಎತ್ತುತ್ತಿದ್ದ. ನವಣೆ ಕಾಳಿನಷ್ಟು ಜಾಗ ಬಿಟ್ಟು ಮತ್ತೆ ಇಳಿಸುತ್ತಿದ್ದ. ಮೂವತ್ತು ವರ್ಷ, ಪ್ರತಿ ಬಾವುಟದಲ್ಲೂ ಹೀಗೆಯೇ.

ಬಾವುಟದ ಮೇಲಿನ ಮುಖ ಚಿಯೂನದು.

ಹಿಂದೆ ಹಳದಿ ನದಿಯ ಬಯಲಿನಲ್ಲಿ ಇಬ್ಬರು ನಾಯಕರಿದ್ದರು. ಒಬ್ಬ ಹುವಾಂಗ್‌ದಿ, ಜನ ಅವನನ್ನು ಹಳದಿ ದೊರೆ ಅನ್ನುತ್ತಿದ್ದರು. ಇನ್ನೊಬ್ಬ ಚಿಯೂ, ಜಿಯೂಲಿ ಬುಡಕಟ್ಟಿನವನು, ತಾಮ್ರ ಕರಗಿಸಿ ಆಯುಧ ಮಾಡುವವನು. ಇಬ್ಬರೂ ಝುವೋಲು ಬಯಲಿನಲ್ಲಿ ಮಂಜಿನ ನಡುವೆ ಕಾದಾಡಿದರು. ಚಿಯೂ ಸತ್ತ.

ಅವನು ಸತ್ತರೂ ಗುಡ್ಡ ಸೇರಿದ ಅವನ ಜನರ ದಂಗೆ ನಿಲ್ಲಲಿಲ್ಲ. ಆಗ ಹಳದಿ ದೊರೆ ಸತ್ತ ವೈರಿಯ ಮುಖವನ್ನೇ ತನ್ನ ಬಾವುಟದ ಮೇಲೆ ಬರೆಸಿದ. ಚಿಯೂ ಬದುಕಿದ್ದಾನೆ, ಈಗ ದೊರೆಯ ಕಡೆ ಇದ್ದಾನೆ ಅಂತ ಜನ ಹೆದರಲಿ, ಆಯುಧ ಕೆಳಗಿಡಲಿ ಅಂತ.

ಬರೆಯುವ ಕೆಲಸ ವೆನ್ ಲೂಗೆ ಬಂತು. ದೊರೆ ಹೇಳಿದ್ದನ್ನು ಬರೆದ. ಎರಡು ಕೊಂಬು, ತಾಮ್ರದ ಹಣೆ, ನಾಲ್ಕು ಕಣ್ಣು. ಹುಬ್ಬಿನಲ್ಲಿ ಜಾಗ ಬಿಡು ಅಂತ ಮಾತ್ರ ಯಾರೂ ಹೇಳಿರಲಿಲ್ಲ.

ಅವನಿಗೆ ಒಬ್ಬಳೇ ಶಿಷ್ಯೆ. ಹೆಸರು ರುಯಿ. ನದಿ ದಂಡೆಯ ಗುಡಿಸಲಿನಲ್ಲಿ ಮಸಿ ಅರೆಯುತ್ತಾ ಕಲಿಯುತ್ತಿದ್ದಳು.

ಮೊದಲ ವರ್ಷ ರುಯಿ ಕೇಳಿದಳು. "ಗುರುಗಳೇ, ಇಲ್ಲಿ ಯಾಕೆ ಖಾಲಿ ಬಿಟ್ಟಿರಿ?"

"ದಾರಿ ಬಿಟ್ಟಿದ್ದೇನೆ."

"ಯಾರಿಗೆ?"

"ನಡೆಯುವವರಿಗೆ."

ರುಯಿ ಒಂದು ವಾರ ಅದನ್ನೇ ಯೋಚಿಸಿದಳು.

ಎರಡನೆಯ ವರ್ಷ ಮತ್ತೆ ಕೇಳಿದಳು.

"ತುಂಬಿದ ಪಾತ್ರೆಗೆ ನೀರು ಹಿಡಿಸುತ್ತದೆಯೇ?" ಅಂದ ವೆನ್ ಲೂ.

ರುಯಿ ತಲೆಬಾಗಿಸಿದಳು. ಒಂದು ತಿಂಗಳು ಯೋಚಿಸಿದಳು.

ಮೂರನೆಯ ವರ್ಷ ಕೇಳಿದಾಗ ಗುರು ಮಾತೇ ಆಡಲಿಲ್ಲ. ಅವಳ ಅಂಗೈಯಲ್ಲಿ ಒಂದು ನವಣೆ ಕಾಳು ಇಟ್ಟು, ಬೆರಳು ಮಡಚಿದ.

ರುಯಿ ಆ ಕಾಳನ್ನು ಸೊಂಟದ ಪಟ್ಟಿಯ ತುದಿಗೆ ಗಂಟು ಹಾಕಿಕೊಂಡಳು. ಮತ್ತೆ ಕೇಳಲಿಲ್ಲ.

ದಂಗೆ ಎದ್ದ ಗುಡ್ಡದ ಬುಡದಲ್ಲಿ ಬಾವುಟ ನೆಟ್ಟು ದೊರೆಯ ಸೇನೆ ಹಿಂದೆ ಸರಿಯುತ್ತಿತ್ತು. ಒಂದು ಹಗಲು ಕಾಯುತ್ತಿತ್ತು. ಅದಕ್ಕೆ ಬಾವುಟದ ಹಗಲು ಅಂತಲೇ ಹೆಸರು. ಮೇಲಿನವರು ಬಂದು ನೋಡಬಹುದು, ಮುಟ್ಟಬಹುದು, ಯಾರೂ ತಡೆಯುವುದಿಲ್ಲ. ಸೂರ್ಯ ಮುಳುಗುವುದರೊಳಗೆ ಆಯುಧ ಇಟ್ಟು ಇಳಿದರೆ ಜೀವ ಉಳಿಯಿತು. ಇಳಿಯದಿದ್ದರೆ ಸೇನೆ ಹತ್ತಬೇಕು.

ಮೂವತ್ತು ವರ್ಷದಲ್ಲಿ ಸೇನೆ ಒಮ್ಮೆಯೂ ಹತ್ತಿರಲಿಲ್ಲ.

ಆ ವರ್ಷ ಕರಡಿಗುಡ್ಡಕ್ಕೆ ಬಾವುಟ ಬೇಕಾಯಿತು. ಕೊನೆಗೆ ಉಳಿದ ಜಿಯೂಲಿಯವರು ಅಲ್ಲಿದ್ದರು, ಅರವತ್ತು ಮನೆ. ವೆನ್ ಲೂ ಬರೆದು ಮುಗಿಸಿದ. ಮರುದಿನ ಜ್ವರ ಬಂದು ಮಲಗಿದ.

ಬಾವುಟ ಒಯ್ಯಲು ದಳಪತಿ ಗಾವ್ ಬಂದ.

"ಎಲ್ಲಿದ್ದಾನಮ್ಮಾ ಅಜ್ಜ?"

"ಜ್ವರ. ಒಳಗೆ ಮಲಗಿದ್ದಾರೆ."

ಗಾವ್ ಬಟ್ಟೆ ಬಿಡಿಸಿ ನೋಡಿದ. ಹುಬ್ಬಿನ ಮೇಲೆ ಬೆರಳಿಟ್ಟ.

"ಇಗೋ, ಮತ್ತೆ ಬಿಟ್ಟಿದ್ದಾನೆ. ಕೊಂಬಿಗೆ ಸಾಕಾಯ್ತು, ನಾಲ್ಕು ಕಣ್ಣಿಗೂ ಸಾಕಾಯ್ತು, ಹುಬ್ಬಿಗೆ ಬರೋ ಹೊತ್ತಿಗೆ ಮಸಿ ಮುಗಿದುಹೋಯ್ತಾ?"

ರುಯಿ ಬಾಯಿ ತೆರೆದಳು. ದಾರಿ, ಪಾತ್ರೆ, ಕಾಳು. ಮೂರರಲ್ಲಿ ಒಂದೂ ದಳಪತಿಗೆ ಹೇಳುವಂಥ ಉತ್ತರವಾಗಿರಲಿಲ್ಲ.

"ಕೈ ನಡುಗುತ್ತೆ ಅವನಿಗೆ," ಗಾವ್ ದನಿ ತಗ್ಗಿಸಿದ. "ಅರಮನೆಯಲ್ಲಿ ಬೇರೆಯವರನ್ನು ಹುಡುಕ್ತಿದ್ದಾರೆ. ನಾನು ಎಷ್ಟು ದಿನ ಅಂತ ಮುಚ್ಚಿಡಲಮ್ಮಾ?"

ಕುದುರೆಗಳಿಗೆ ನೀರು ಕುಡಿಸಲು ಅವನು ನದಿಗೆ ಇಳಿದ.

ರುಯಿ ಒಳಗೆ ಇಣುಕಿ ನೋಡಿದಳು. ಗುರು ಗೋಡೆ ಕಡೆ ತಿರುಗಿ ಮಲಗಿದ್ದ. ಬೆನ್ನು ಬಹಳ ಚಿಕ್ಕದಾಗಿ ಕಂಡಿತು.

ಅವಳು ಕುಂಚ ತೆಗೆದುಕೊಂಡಳು. ಒಂದೇ ಸಲ ಎಳೆದಳು. ಹುಬ್ಬು ಪೂರ್ತಿಯಾಯಿತು.

ಗಾವ್ ಬಂದು ನೋಡಿ ನಕ್ಕ. "ನೋಡು, ಈಗ ಹೇಗಿದೆ!"

ಗಾಡಿ ಹೊರಟಿತು.

ಮೂರನೆಯ ದಿನ ಬೆಳಿಗ್ಗೆ ಜ್ವರ ಬಿಟ್ಟಿತು. ವೆನ್ ಲೂ ಎದ್ದು ಕೂತು ಗಂಜಿ ಕುಡಿದ. ರುಯಿ ಪಕ್ಕದಲ್ಲಿ ಕೂತಳು. ಹೇಳಬೇಕೋ ಬೇಡವೋ ಅಂತ ಸ್ವಲ್ಪ ಹೊತ್ತು ಪಟ್ಟಿಯ ಗಂಟನ್ನು ತಿರುಗಿಸಿದಳು.

"ಗುರುಗಳೇ, ಇನ್ನು ನಿಮ್ಮ ಕೈ ನಡುಗುತ್ತೆ ಅಂತ ಯಾರೂ ಹೇಳೋದಿಲ್ಲ."

"ಯಾಕೆ?"

"ಹುಬ್ಬು ತುಂಬಿಸಿ ಕಳಿಸಿದೆ."

ವೆನ್ ಲೂ ಬಟ್ಟಲು ಕೆಳಗಿಟ್ಟ.

"ಗಾಡಿ ಹೊರಟಿದ್ದು ಯಾವತ್ತು?"

"ಮೊನ್ನೆ."

"ಮೂರು ದಿನದ ದಾರಿ. ಇವತ್ತು ಸಂಜೆ ಮುಟ್ಟುತ್ತದೆ. ನಾಳೆ ಬಾವುಟದ ಹಗಲು." ಅವನು ಆಗಲೇ ಎದ್ದಿದ್ದ. "ನದಿ ದಾಟಿ ಕಾಲುಹಾದಿ ಹಿಡಿದರೆ ಎರಡು ದಿನ."

"ನಿಮಗೆ ಹುಷಾರಿಲ್ಲ! ಎಲ್ಲಿಗೆ?"

ಚಪ್ಪಲಿ ಮೆಟ್ಟುವುದನ್ನೂ ಮರೆತು ಅವನು ಹೊರಟಿದ್ದ. ರುಯಿ ಚಪ್ಪಲಿ ಹಿಡಿದುಕೊಂಡು ಹಿಂದೆ ಓಡಿದಳು.

ನದಿ ದಾಟಿದ ಮೇಲೆ ವೆನ್ ಲೂ ಮಾತಾಡಿದ. ನಡೆಯುತ್ತಲೇ ಮಾತಾಡಿದ.

"ಚಿಯೂಗೆ ಕೊಂಬಿರಲಿಲ್ಲ. ನಮ್ಮ ಹಾಗೆ ಎರಡೇ ಕಣ್ಣು."

"ನೀವು ನೋಡಿದ್ದಿರಾ?"

"ನಾನೂ ಜಿಯೂಲಿಯವನೇ. ಅವನ ಕುಲುಮೆಯಲ್ಲಿ ತಿದಿ ಒತ್ತುತ್ತಿದ್ದೆ. ಒಂದು ದಿನ ಜೋರಾಗಿ ಒತ್ತಿಬಿಟ್ಟೆ. ತಾಮ್ರದ ಕಿಡಿ ಹಾರಿ ಅವನ ಎಡಹುಬ್ಬು ಸುಟ್ಟಿತು. ಅಷ್ಟು ಜಾಗದಲ್ಲಿ ಮತ್ತೆ ಕೂದಲು ಬರಲಿಲ್ಲ."

"ಹೊಡೆದರಾ?"

"ನಕ್ಕ. 'ಹಸುವಿಗೆ ಬರೆ ಹಾಕೋ ಹಾಗೆ ಹಾಕಿಬಿಟ್ಟೆಯಲ್ಲೋ, ಇನ್ನು ನಾನು ಎಲ್ಲಿ ಕಳೆದುಹೋಗಲಿ' ಅಂದ."

ಅಡ್ಡ ಬಂದ ಮುಳ್ಳಿನ ಕೊಂಬೆ ಸರಿಸಿ ಅವನು ಮುಂದುವರಿಸಿದ.

"ಯುದ್ಧ ಮುಗಿದ ಮೇಲೆ ನನ್ನನ್ನು ಹಿಡಿದರು. ಅವನ ಮುಖ ಗೊತ್ತಿದೆ ಅಂದೆ, ಕೊಲ್ಲಲಿಲ್ಲ. ಮೊದಲ ಬಾವುಟ ಬರೆಯುವಾಗ ಕೈ ತಾನಾಗಿಯೇ ಅಲ್ಲಿ ಕುಂಚ ಎತ್ತಿತು. ಗುಡ್ಡದವರು ಇಳಿದು ಬಂದು ಹತ್ತಿರದಿಂದ ನೋಡಿದರು. ದೊರೆಗೆ ಗೊತ್ತಿಲ್ಲದ ಗುರುತು ದೊರೆಯ ಬಾವುಟದಲ್ಲಿದೆ. ಅಂದರೆ ನಮ್ಮವನೊಬ್ಬ ಅಲ್ಲಿ ಬದುಕಿದ್ದಾನೆ, ಊಟ ಮಾಡುತ್ತಿದ್ದಾನೆ, ಕೆಲಸ ಮಾಡುತ್ತಿದ್ದಾನೆ. ಹಾಗಾದರೆ ನಾವೂ ಇಳಿಯಬಹುದು. ಕೊಂಬಿಗೆ ಹೆದರಿ ಯಾರೂ ಇಳಿಯಲಿಲ್ಲ ಮಗೂ. ಆ ಜಾಗ ನೋಡಿ ಇಳಿದರು. ಒಂದು ಗುಡ್ಡದಿಂದ ಇನ್ನೊಂದು ಗುಡ್ಡಕ್ಕೆ ಆ ಮಾತು ಹೋಯಿತು."

"ಜಾಗ ಇಲ್ಲದಿದ್ದರೆ?"

"ಹಾಗೆ ಬರೆದವನನ್ನೂ ಕೊಂದರು, ಇಳಿದರೆ ತಮ್ಮನ್ನೂ ಕೊಲ್ಲುತ್ತಾರೆ ಅಂತ ಅರ್ಥ."

ರುಯಿ ನಿಂತುಬಿಟ್ಟಳು. ಆಮೇಲೆ ಓಡತೊಡಗಿದಳು. ಸ್ವಲ್ಪ ದೂರ ಓಡಿ, ಹಿಂತಿರುಗಿ ಬಂದು ಗುರುವಿನ ತೋಳು ಹಿಡಿದಳು.

"ನೀವು ಕೂತಿರಿ. ನಾನೊಬ್ಬಳೇ ಹೋಗಿ ಹೇಳ್ತೀನಿ."

"ನಿನ್ನ ಮಾತನ್ನು ಅವರು ಯಾಕೆ ನಂಬಬೇಕು? ನನ್ನ ಮುಖ ಗೊತ್ತಿರುವವರು ಅಲ್ಲಿ ಇನ್ನೂ ಒಬ್ಬಿಬ್ಬರು ಇರಬಹುದು."

ಅವಳು ಅವನನ್ನು ಬೆನ್ನ ಮೇಲೆ ಹೊತ್ತಳು. ಹೊತ್ತಷ್ಟು ದೂರ ಹೊತ್ತಳು. ಅವನು ನಡೆದಷ್ಟು ದೂರ ನಡೆದ.

ಮರುದಿನ ಮಧ್ಯಾಹ್ನ ವೆನ್ ಲೂಗೆ ಮತ್ತೆ ಜ್ವರ ಏರಿತು. ಒಂದು ಮರದ ಕೆಳಗೆ ಕುಸಿದು ಕೂತ. ರುಯಿ ನೀರು ಕುಡಿಸಿದಳು. ದೂರದಲ್ಲಿ ಕರಡಿಗುಡ್ಡ ಕಾಣುತ್ತಿತ್ತು. ಸೂರ್ಯ ಅದರ ಕಡೆಗೆ ವಾಲುತ್ತಿದ್ದ.

ಅವಳು ಪಟ್ಟಿಯ ಗಂಟು ಬಿಚ್ಚಿ ನವಣೆ ಕಾಳನ್ನು ತೋರಿಸಿದಳು.

"ಇದನ್ನು ಕೊಟ್ಟಿರಲ್ಲ, ಗುರುಗಳೇ. ಇದರಲ್ಲಿ ಏನಿತ್ತು? ನನಗೆ ತಿಳಿಯಲೇ ಇಲ್ಲ."

ವೆನ್ ಲೂ ಕಾಳನ್ನು ನೋಡಿದ.

"ಏನೂ ಇರಲಿಲ್ಲ. ನಿನ್ನ ಬಾಯಿ ಮುಚ್ಚಿಸಬೇಕಾಗಿತ್ತು."

"ದಾರಿ ಬಿಟ್ಟಿದ್ದೇನೆ ಅಂದಿರಿ."

"ಆಗ ಹೆದರಿಕೆ. ನೀನು ಹೊಸಬಳು, ಯಾರ ಕಿವಿಗೆ ಹಾಕುತ್ತೀಯೋ ಅಂತ."

"ಆಮೇಲೆ?"

"ಆಮೇಲೆ ಹೆದರಿಕೆ ಹೋಗಿತ್ತು." ಅವನು ಕಣ್ಣು ಮುಚ್ಚಿದ. "ನಾನು ಏನು ಹೇಳಿದರೂ ನೀನು ಕಣ್ಣರಳಿಸಿ ಕೇಳುತ್ತಿದ್ದೆ. ವಾರಗಟ್ಟಲೆ ಅದನ್ನೇ ಯೋಚಿಸುತ್ತಿದ್ದೆ. ತಿದಿ ಒತ್ತುತ್ತಿದ್ದವನನ್ನು ಅಲ್ಲಿಯವರೆಗೆ ಯಾರೂ ಹಾಗೆ ಕೇಳಿರಲಿಲ್ಲ. ಹಿತವಾಗಿತ್ತು."

ರುಯಿ ಅವನನ್ನು ಮತ್ತೆ ಬೆನ್ನಿಗೆ ಹಾಕಿಕೊಂಡಳು.

ಅವರು ಗುಡ್ಡದ ಕೆಳಗಿನ ಹೊಳೆಗೆ ಬರುವಾಗ ಬೆಳಗಾಗಿತ್ತು. ಮೇಲೆ ಹೊಗೆ ಏಳುತ್ತಿತ್ತು. ಒಲೆಯ ಹೊಗೆಯಲ್ಲ. ಸೇನೆ ಇಳಿದು ಬರುತ್ತಿತ್ತು.

ಗಾವ್ ಅವರನ್ನು ಕಂಡು ಕುದುರೆಯಿಂದ ಇಳಿದ. ತೋಳಿಗೆ ಬಟ್ಟೆ ಸುತ್ತಿಕೊಂಡಿದ್ದ.

"ಅಜ್ಜಾ, ನೀವ್ಯಾಕೆ ಇಲ್ಲಿ?"

ವೆನ್ ಲೂ ಗುಡ್ಡದ ಹೊಗೆಯನ್ನೇ ನೋಡುತ್ತಿದ್ದ.

"ಇಳೀಲಿಲ್ಲ ಅವರು," ಗಾವ್ ಅಂದ. ಯಾರಾದರೂ ಕಾರಣ ಹೇಳುತ್ತಾರೇನೋ ಅನ್ನುವ ಹಾಗೆ ಇಬ್ಬರನ್ನೂ ನೋಡಿದ. "ನಿನ್ನೆ ಬೆಳಿಗ್ಗೆ ಒಬ್ಬಳು ಮುದುಕಿ ಬಂದಳು. ಬಾವುಟದ ಹತ್ತಿರ ನಿಂತಳು. ಎಷ್ಟು ಹೊತ್ತು ಅಂತೀರಿ! ಹುಬ್ಬನ್ನು ಬೆರಳಲ್ಲಿ ಸವರಿದಳು, ಉಗುರಲ್ಲಿ ಕೆರೆದಳು. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಮೇಲೆ ಹೋದಳು. ಸಂಜೆವರೆಗೂ ಕಾದೆ. ಸೂರ್ಯ ಮುಳುಗಿದ ಮೇಲೂ ಸ್ವಲ್ಪ ಹೊತ್ತು ಕಾದೆ, ಅಜ್ಜಾ. ಹತ್ತಲೇಬೇಕಾಯ್ತು."

"ಎಷ್ಟು ಜನ ಉಳಿದರು?" ರುಯಿ ಕೇಳಿದಳು.

ಗಾವ್ ಕುದುರೆಯ ಕತ್ತು ಸವರಿದ. ಸುರುಳಿ ಸುತ್ತಿದ ಬಾವುಟವನ್ನು ಅವಳ ಕೈಗೆ ಕೊಟ್ಟ.

"ಇದನ್ನು ನೀವೇ ಇಟ್ಟುಕೊಳ್ಳಿ. ಇನ್ನು ಬೇಕಾಗೋದಿಲ್ಲ. ಗುಡ್ಡಗಳೆಲ್ಲ ಮುಗಿದವು."

ಸೇನೆ ಹೋಯಿತು. ಧೂಳು ಇಳಿಯಿತು.

ವೆನ್ ಲೂ ಹೊಳೆಯ ಕಲ್ಲಿನ ಮೇಲೆ ಬಾವುಟ ಬಿಡಿಸಿದ. ಎಡಹುಬ್ಬಿನ ಮೇಲೆ ನಾಲ್ಕು ಉಗುರಿನ ಗೆರೆ. ಒಂದು ಕಡೆ ಎಳೆ ಹರಿದಿತ್ತು. ಮಸಿಯ ಕೆಳಗೆ ಏನಾದರೂ ಇದೆಯೇನೋ ಅಂತ ಹುಡುಕಿದ ಗೆರೆಗಳು.

ಅವನು ಹೆಬ್ಬೆರಳನ್ನು ನೀರಿನಲ್ಲಿ ಅದ್ದಿ ಆ ಜಾಗವನ್ನು ಉಜ್ಜಿದ. ಮತ್ತೆ ಅದ್ದಿದ. ಮತ್ತೆ ಉಜ್ಜಿದ. ಮಸಿ ಬಿಡಲಿಲ್ಲ. ಮಳೆಗೂ ಹೋಗಬಾರದು ಅಂತ ಮಸಿಗೆ ಚರ್ಮದ ಅಂಟು ಬೆರೆಸುವುದನ್ನು ರುಯಿಗೆ ಕಲಿಸಿದವನು ಅವನೇ.

ರುಯಿ ಅವನ ಕಾಲ ಬಳಿ ಕೂತಳು.

"ನನ್ನನ್ನು ಬೈಯಿರಿ, ಗುರುಗಳೇ."

ಹೊಳೆಯ ನೀರು ಕಲ್ಲಿಗೆ ಬಡಿದು ಬಟ್ಟೆಯ ಅಂಚನ್ನು ಎತ್ತಿ ಎತ್ತಿ ಇಳಿಸುತ್ತಿತ್ತು.

"ಒಂದು ಮಾತಾದರೂ ಆಡಿ."

ವೆನ್ ಲೂ ಒದ್ದೆ ಕೈಯನ್ನು ಮಡಿಲಲ್ಲಿಟ್ಟುಕೊಂಡ. ಅವಳ ಮುಖ ನೋಡಿದ.

"ಮೊದಲ ವರ್ಷ ನೀನೊಂದು ಪ್ರಶ್ನೆ ಕೇಳಿದ್ದೆ. ಅದನ್ನು ಇನ್ನೊಂದು ಸಲ ಕೇಳು, ಮಗೂ."