ಔಟಾದ ಶಾಸಕರು

ಸಂಬಳ ಪಡೆದು ಕಬಡ್ಡಿ ಆಡಿದವರಲ್ಲಿ ನಮ್ಮ ಊರಿಗೆ ವಿರೂಪಾಕ್ಷಗೌಡರೇ ಮೊದಲಿಗರು. ಆ ಹೆಸರಿನಿಂದಲೇ ಶಾಸಕರಾದರು. ಆಮೇಲೆ ಹುಡುಗಿಯರು ಕಬಡ್ಡಿ ಆಡುವ ಅಂಕಣದಲ್ಲೇ ತಮ್ಮ ಹೆಸರಿನ ಕಲ್ಯಾಣ ಮಂಟಪ ಕಟ್ಟಿಸಲು ಹೊರಟರು.

ಗುದ್ದಲಿ ಪೂಜೆಗೆ ಊರೇ ಸೇರಿತ್ತು. ಅಂಕಣ ಗುಡಿಸುವ ಫಕೀರವ್ವ ಕೈಮುಗಿದಳು.

"ಸಾಹೇಬ್ರ, ಗುದ್ದಲಿ ಆ ತುದಿಗೈತಿ. ನೀವು ಅಂಕಣಕ್ಕ ಇಳದು ಸುಮ್ನ ನಡಕೋತ ಹೋದ್ರ ಚಂದೇನ್ರಿ? ಕಬಡ್ಡಿ ಅನಕೋತ ಹೋಗ್ರಿ, ಮಂದಿ ನೋಡ್ಲಿ."

ಜನ ಸಿಳ್ಳೆ ಹೊಡೆದರು. ಗೌಡರು ಧೋತರ ಎತ್ತಿ ಕಟ್ಟಿ, ತೊಡೆ ತಟ್ಟಿ ನುಗ್ಗಿದರು. ಅರ್ಧ ದಾರಿಯಲ್ಲೇ ಉಸಿರು ಕಡಿಯಿತು.

"ಔಟ್!" ಎಂದು ಅಂಕಣದಲ್ಲಿದ್ದ ಹುಡುಗಿಯರು ಕೂಗಿದರು.

"ಏ, ಪೂಜೆ ಮುಗಸೂದೈತಿ, ದಾರಿ ಬಿಡ್ರಿ!" ಎಂದರು ಗೌಡರು.

"ಔಟಾದವ್ರು ಹೊರಗ ಕುಂದರಬೇಕ್ರಿ," ಎಂದಳು ಫಕೀರವ್ವ. "ನಿಮ್ಮ ಕಡೆಯವ್ರು ಯಾರರ ಬಂದು ಈ ಹುಡುಗ್ಯಾರನ್ನ ಔಟ್ ಮಾಡಿದ್ರ ನೀವು ಮತ್ತ ಒಳಗ ಬರಬಹುದು. ನಿಮಗ ಗೊತ್ತಿರದ ನಿಯಮೇನ್ರಿ?"

ಕಬಡ್ಡಿಯಿಂದ ಗೆದ್ದವರು ಊರೆದುರು ಕಬಡ್ಡಿಯ ನಿಯಮ ಮೀರುವುದು ಹೇಗೆ? ಗೌಡರು ಹಿಂಬಾಲಕರತ್ತ ತಿರುಗಿದರು. ಹುಡುಗಿಯರು ಕೈ ಕೈ ಹಿಡಿದು ಸಾಲಾಗಿ ನಿಂತಿದ್ದರು. ಹಿಂಬಾಲಕರಿಗೆಲ್ಲ ಒಮ್ಮೆಲೇ ಮೊಣಕಾಲು ನೋವು ಬಂತು.

ಹುಡುಗಿಯರು ಈಗಲೂ ಅಲ್ಲೇ ಆಡುತ್ತಾರೆ. ಗೌಡರು ಗೆರೆಯಾಚೆ ಕೂತು ಚಪ್ಪಾಳೆ ತಟ್ಟುತ್ತಾರೆ. ಅವರು ಇನ್ನೂ ಔಟೇ.