ಮಿಡತೆ ಮೇಷ್ಟ್ರ ಆಯ್ಕೆ

ಕೆರೆದಂಡೆಯ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಮಿಡತೆ ಮೇಷ್ಟ್ರು ಉದ್ದಜಿಗಿತದ ತಂಡಕ್ಕೆ ಮಕ್ಕಳನ್ನು ಆರಿಸುತ್ತಿದ್ದರು. ಒಂದೇ ನೋಟಕ್ಕೆ ಪ್ರತಿಭೆ ಗುರುತಿಸಬಲ್ಲೆ ಎಂಬುದು ಅವರ ಹೆಮ್ಮೆ. ಆಯ್ಕೆ ಮುಗಿಯುವ ಹೊತ್ತಿಗೆ ನೀರಿನಂಚಿನಿಂದ ಕೆಂಚಿ ಎಂಬ ಗೊದಮೊಟ್ಟೆ ತಲೆಯೆತ್ತಿದಳು.

"ಮೇಷ್ಟ್ರೇ, ನಾನೂ ಜಿಗೀತೀನಿ."

"ಜಿಗಿಯೋಕೆ ಕಾಲು ಬೇಕಮ್ಮ. ನಿನಗಿರೋದು ಬರೀ ಬಾಲ," ಎಂದು ನಕ್ಕು ಮೇಷ್ಟ್ರು ಪಟ್ಟಿ ಮಡಚಿದರು. ಕೆಂಚಿ ಮುಖ ಸಣ್ಣದು ಮಾಡಿಕೊಂಡು ಮುಳುಗಿದಳು.

ಮುಖ್ಯೋಪಾಧ್ಯಾಯಿನಿ ಆಮೆ ಮೆಲ್ಲಗೆ ಕೇಳಿದರು: "ಮೇಷ್ಟ್ರೇ, ನೀವು ಒಂದನೇ ಕ್ಲಾಸಿಗೆ ಸೇರಿದಾಗ ನಿಮಗೆ ರೆಕ್ಕೆ ಇತ್ತೇ?"

ಮೇಷ್ಟ್ರಿಗೆ ಅಂದಿನ ತಮ್ಮ ಬೋಳು ಬೆನ್ನು ನೆನಪಾಯಿತು. ಗಂಟಲು ಸರಿಮಾಡಿಕೊಂಡು, "ನಾಳೆಯಿಂದ ಅಭ್ಯಾಸಕ್ಕೆ ಬಾರಮ್ಮ," ಎಂದು ನೀರಿನತ್ತ ಕೂಗಿದರು.

ಉಳಿದವರು ದಡದಲ್ಲಿ ಜಿಗಿಯುತ್ತಿದ್ದರೆ ಕೆಂಚಿ ದಂಡೆಯುದ್ದಕ್ಕೂ ಈಜುತ್ತಿದ್ದಳು. ಮೇಷ್ಟ್ರು ದಿನವೂ ಓರೆಗಣ್ಣಿನಿಂದ ಅವಳ ಬಾಲದ ಬುಡ ನೋಡುತ್ತಿದ್ದರು. ಮೊದಲು ಎರಡು ಮೊಳಕೆ ಕಂಡವು, ಆಮೇಲೆ ಅವೇ ಕಾಲಾದವು. ಒಂದು ಬೆಳಿಗ್ಗೆ ಅವಳು ದಡ ಹತ್ತಿ, ಓಡಿಬಂದು ಜಿಗಿದು, ಇಡೀ ಮರಳಗುಂಡಿಯನ್ನು ದಾಟಿ ಬೇಲಿಯ ಬುಡದಲ್ಲಿ ಹೋಗಿ ಬಿದ್ದಳು.

"ನಾನು ಮೊದಲೇ ಹೇಳಿರಲಿಲ್ಲವೇ?" ಎಂದು ಮೇಷ್ಟ್ರು ಎಲ್ಲರೆದುರು ಎದೆಯುಬ್ಬಿಸಿದರು. ಆಮೆ ನಗು ತಡೆಯಲಾರದೆ ತಲೆಯನ್ನು ಚಿಪ್ಪಿನೊಳಗೆ ಎಳೆದುಕೊಂಡರು.

ಮರುವರ್ಷ ಹಾರಾಟದ ಸ್ಪರ್ಧೆಗೆ ಹೆಸರು ಕೊಡಲು ಕಂಬಳಿಹುಳವೊಂದು ತೆವಳುತ್ತ ಬಂತು. ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ಮೇಷ್ಟ್ರು ನಗಲಿಲ್ಲ. ಬಗ್ಗಿ, ಬಹಳ ಮರ್ಯಾದೆಯಿಂದ ಕೇಳಿದರು: "ಗೂಡು ಕಟ್ಟೋಕೆ ಎಷ್ಟು ದಿನ ರಜೆ ಬೇಕಪ್ಪಾ?"